ಯಾವ ಫಾಂಟಿನ ಮೇಲೆ ಸಿಟ್ಟಾಗಬೇಕು?

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬಾಸ್ಕರ್‌ವಿಲ್ ಎಂಬ ಮುದ್ರಕನಿದ್ದ. 1757ರಲ್ಲಿ ಅವನು ವರ್ಜಿಲನ ಕಾವ್ಯವನ್ನು ತಾನೇ ರೂಪಿಸಿದ ಹೊಸ ಅಚ್ಚಕ್ಷರಗಳಲ್ಲಿ ಹೊರತಂದ. ಹಿಂದಿನ ಅಚ್ಚಿಗಿಂತ ಇದರಲ್ಲಿ ದಪ್ಪ ಗೆರೆಗೂ ತೆಳು ಗೆರೆಗೂ ಅಂತರ ಹೆಚ್ಚು. ಕಾಗದ ನುಣುಪು, ಶಾಯಿ ಕಡುಗಪ್ಪು. ಮುದ್ರಣ ಬಲ್ಲ ಹಲವರು ಮೂಗು ಮುರಿದರು. ಬೆಂಜಮಿನ್ ಫ್ರಾಂಕ್ಲಿನ್ ಆಗ ಲಂಡನ್ನಿನಲ್ಲಿದ್ದ. ಅವನ ಮೂಲ ಕಸುಬೂ ಮುದ್ರಣವೇ. ಒಬ್ಬ ಗೃಹಸ್ಥ ಅವನ ಬಳಿ ಬಂದು, ಈ ಬಾಸ್ಕರ್‌ವಿಲ್‌ನಿಂದ ದೇಶದ ಓದುಗರೆಲ್ಲ ಕುರುಡರಾಗುತ್ತಾರೆ, ಅವನ ಅಕ್ಷರದ ಗೆರೆಗಳು ಕಣ್ಣಿಗೆ ನೋವು ಕೊಡುತ್ತವೆ ಎಂದು ದೂರಿದ. ಫ್ರಾಂಕ್ಲಿನ್ ವಾದಕ್ಕಿಳಿಯಲಿಲ್ಲ. ಮುಂದೊಂದು ದಿನ ಆ ಗೃಹಸ್ಥ ಬಂದಾಗ, ವಿಲಿಯಂ ಕ್ಯಾಸ್ಲನ್‌ನ ಅಕ್ಷರಗಳ ಮಾದರಿ ಹಾಳೆಯ ಮೇಲ್ತುದಿಯನ್ನು ಹರಿದು ತೆಗೆದು, ಇದು ಬಾಸ್ಕರ್‌ವಿಲ್‌ನ ಅಚ್ಚು, ದೋಷ ಎಲ್ಲಿದೆ ತೋರಿಸಿ ಎಂದು ಕೈಗಿತ್ತ. ಆತ ಸಾಲುಸಾಲಾಗಿ ದೋಷ ತೋರಿಸಿದ; ಓದುತ್ತಿದ್ದಂತೆ ಕಣ್ಣು ನೋಯುತ್ತಿದೆ ಎಂದೂ ಹೇಳಿದ. ಆದರೆ ಜೀವನವಿಡೀ ಯಾವ ತಕರಾರೂ ಇಲ್ಲದೆ ಆತ ಓದುತ್ತ ಬಂದದ್ದು ಇದೇ ಕ್ಯಾಸ್ಲನ್ ಅಕ್ಷರಗಳನ್ನು. ಈ ಪ್ರಸಂಗವನ್ನು ಫ್ರಾಂಕ್ಲಿನ್ 1760ರ ಸುಮಾರಿಗೆ ಬಾಸ್ಕರ್‌ವಿಲ್‌ಗೇ ಪತ್ರ ಬರೆದು ತಿಳಿಸಿದ.

ಅದೇ ಬಾಸ್ಕರ್‌ವಿಲ್ ಅಕ್ಷರಕ್ಕೆ ಎರಡೂವರೆ ಶತಮಾನದ ನಂತರ ಬೇರೆಯದೇ ಕೀರ್ತಿ ಬಂತು. 2012ರಲ್ಲಿ ಚಿತ್ರನಿರ್ದೇಶಕ ಎರಲ್ ಮಾರಿಸ್ ನ್ಯೂಯಾರ್ಕ್ ಟೈಮ್ಸ್ ಓದುಗರ ಮೇಲೆ ಒಂದು ಪರೀಕ್ಷೆ ನಡೆಸಿದರು. ಎಲ್ಲರಿಗೂ ಒಂದೇ ಬರಹದ ತುಣುಕು, ಒಂದೇ ಪ್ರಶ್ನೆ: ಈ ಮಾತನ್ನು ಒಪ್ಪುತ್ತೀರಾ? ಆದರೆ ಓದುಗರಿಗೆ ಹೇಳದೆ ಅದನ್ನು ಆರು ಬೇರೆಬೇರೆ ಫಾಂಟುಗಳಲ್ಲಿ ತೋರಿಸಲಾಗಿತ್ತು. ಸುಮಾರು 45,000 ಮಂದಿ ಉತ್ತರಿಸಿದರು. ಬಾಸ್ಕರ್‌ವಿಲ್‌ನಲ್ಲಿ ಓದಿದವರಲ್ಲಿ ಒಪ್ಪಿದವರು ತುಸು ಹೆಚ್ಚಾಗಿದ್ದರು. ವ್ಯತ್ಯಾಸ ಸಣ್ಣದು, ಪರೀಕ್ಷೆಯೂ ಪ್ರಯೋಗಾಲಯದ ಕಟ್ಟುನಿಟ್ಟಿನದಲ್ಲ. ಆದರೂ ಒಂದು ಕಾಲದಲ್ಲಿ ಕಣ್ಣು ಕೆಡಿಸುತ್ತದೆ ಎಂಬ ಆರೋಪ ಹೊತ್ತ ಅಕ್ಷರ ಇಂದು ಮಾತಿಗೆ ತೂಕ ತಂದುಕೊಡುತ್ತದೆ ಎನ್ನುವಷ್ಟು ಗೌರವ ಗಳಿಸಿದೆ. ಅಕ್ಷರದ ಗೆರೆ ಬದಲಾಗಲಿಲ್ಲ, ನೋಡುವವರ ರೂಢಿ ಬದಲಾಯಿತು.

ಫಾಂಟುಗಳ ಮೇಲಿನ ಸಿಟ್ಟನ್ನು ಸಮೀಕ್ಷೆ ಮಾಡುವವರು ಇಲ್ಲಿಂದಲೇ ಹೊರಡಬೇಕು ಎಂದು ನನಗನ್ನಿಸುತ್ತದೆ. ಈ ಸಿಟ್ಟಿನಲ್ಲಿ ಬಹುಪಾಲು ರೂಢಿಯದು, ಅಕ್ಷರ ಬಂದು ಕೂತ ಜಾಗದ್ದು, ಒಂದು ವೃತ್ತಿಯವರ ಅಭಿರುಚಿಯದು. ಆದರೆ ಅದರೊಳಗೇ ನ್ಯಾಯವಾದ ಸಿಟ್ಟು ಒಂದಿದೆ: ಓದುವವರನ್ನು ಎಡವಿಸುವ ಅಕ್ಷರದ ಮೇಲಿನದು. ಇವೆರಡನ್ನು ಕಲಸಿಬಿಟ್ಟಿರುವುದರಿಂದ ಜಗತ್ತು ನಿರಪರಾಧಿ ಅಕ್ಷರಗಳನ್ನು ಬೈಯುತ್ತಿದೆ, ನಿಜವಾಗಿ ತೊಂದರೆ ಕೊಡುವವನ್ನು ಸುಮ್ಮನೆ ಸಹಿಸಿಕೊಂಡಿದೆ. ಕನ್ನಡದಲ್ಲಂತೂ ಈ ಮಾತು ಇನ್ನೂ ನಿಜ.

ಬೈಗುಳ ತಿಂದವರಲ್ಲಿ ಮೊದಲ ಹೆಸರು ಕಾಮಿಕ್ ಸಾನ್ಸ್. 1994ರಲ್ಲಿ ಮೈಕ್ರೋಸಾಫ್ಟ್ ಕಂಪನಿಯಲ್ಲಿದ್ದ ವಿನ್ಸೆಂಟ್ ಕೊನೇರ್ ಇದನ್ನು ರೂಪಿಸಿದ್ದು ತೀರ ಚಿಕ್ಕ ಕೆಲಸಕ್ಕೆ. ಕಂಪ್ಯೂಟರ್ ಹೊಸದಾಗಿ ಕಲಿಯುವವರಿಗಾಗಿ ಮೈಕ್ರೋಸಾಫ್ಟ್ ಬಾಬ್ ಎಂಬ ತಂತ್ರಾಂಶ ತಯಾರಾಗುತ್ತಿತ್ತು. ಅದರಲ್ಲಿ ರೋವರ್ ಎಂಬ ಕಾರ್ಟೂನ್ ನಾಯಿ ಗುಳ್ಳೆಯೊಳಗೆ ಮಾತಾಡುತ್ತಿತ್ತು, ಆ ಮಾತು ಟೈಮ್ಸ್ ನ್ಯೂ ರೋಮನ್ ಅಕ್ಷರದಲ್ಲಿತ್ತು. ನಾಯಿಯ ಬಾಯಲ್ಲಿ ದಿನಪತ್ರಿಕೆಯ ಅಕ್ಷರ ಕೊನೇರ್‌ಗೆ ಸರಿಕಾಣಲಿಲ್ಲ. ಕೈಬರಹದ ಅಕ್ಷರಗಳಿದ್ದ ಕಾಮಿಕ್ ಪುಸ್ತಕಗಳನ್ನು ಮುಂದಿಟ್ಟುಕೊಂಡು ಹೊಸ ಅಕ್ಷರ ಬರೆದರು. ಅಳತೆ ಹೊಂದದ ಕಾರಣ ಬಾಬ್‌ಗೆ ಅದು ಸೇರಲೇ ಇಲ್ಲ. ಆದರೆ ವಿಂಡೋಸ್ 95ರ ಕಾಲದಲ್ಲಿ ಕಂಪ್ಯೂಟರಿನ ಜೊತೆಗೇ ಮನೆಮನೆಗೆ ಬಂತು.

ತೊಂದರೆ ಶುರುವಾದದ್ದು ಆಗ. ಅದುವರೆಗೆ ಅಕ್ಷರ ಆರಿಸುವುದು ಮುದ್ರಣಾಲಯದವರ ಕೆಲಸವಾಗಿತ್ತು. ಈಗ ಒಂದು ಪಟ್ಟಿ ಎಲ್ಲರ ಮುಂದೆ ತೆರೆದುಕೊಂಡಿತು. ಆ ಪಟ್ಟಿಯಲ್ಲಿ ಗಂಭೀರ ಮುಖಗಳ ನಡುವೆ ನಗುಮುಖದ್ದು ಇದೊಂದೇ. ಶಾಲೆಯ ಸುತ್ತೋಲೆಗೆ ಹತ್ತಿತು, ಅಂಗಡಿಯ ಫಲಕಕ್ಕೆ ಹತ್ತಿತು, ಆಸ್ಪತ್ರೆಯ ಸೂಚನೆಗೂ ಹತ್ತಿತು. ಅಮೆರಿಕದ ಇಂಡಿಯಾನಾಪೊಲಿಸಿನ ವಿನ್ಯಾಸಕಾರ ದಂಪತಿ ಡೇವ್ ಮತ್ತು ಹಾಲಿ ಕೂಂಬ್ಸ್ ಇದನ್ನು ನಿಷೇಧಿಸಬೇಕೆಂದು ಚಳವಳಿಯನ್ನೇ ಹೂಡಿದರು. 2010ರಲ್ಲಿ ಬಾಸ್ಕೆಟ್‌ಬಾಲ್ ಆಟಗಾರ ಲೆಬ್ರಾನ್ ಜೇಮ್ಸ್ ಕ್ಲೀವ್‌ಲ್ಯಾಂಡ್ ತಂಡ ಬಿಟ್ಟಾಗ ತಂಡದ ಮಾಲೀಕ ಡಾನ್ ಗಿಲ್ಬರ್ಟ್ ಬರೆದ ಕೆಂಡದಂಥ ಬಹಿರಂಗ ಪತ್ರ ಈ ಅಕ್ಷರದಲ್ಲಿತ್ತು. ಜನ ಪತ್ರದ ಸಿಟ್ಟನ್ನು ಬಿಟ್ಟು ಅಕ್ಷರದ ಬಗ್ಗೆ ಮಾತಾಡಿದರು. 2012ರ ಜುಲೈ 4ರಂದು ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಬೋಸಾನ್ ಕಣ ಸಿಕ್ಕಿತೆಂಬ ಘೋಷಣೆಯಾಯಿತು. ಭೌತವಿಜ್ಞಾನಿ ಫಾಬಿಯೋಲಾ ಜಿಯಾನೊಟ್ಟಿ ತೋರಿಸಿದ ಸ್ಲೈಡುಗಳು ಕಾಮಿಕ್ ಸಾನ್ಸ್‌ನಲ್ಲಿದ್ದವು. ದಶಕಗಳ ಹುಡುಕಾಟದ ಫಲ ಕಣ್ಣೆದುರು ಇರುವಾಗಲೂ ಅಂತರ್ಜಾಲದಲ್ಲಿ ಒಂದು ದೊಡ್ಡ ಗುಂಪು ಫಾಂಟಿನ ಬಗ್ಗೆ ಗೊಣಗಿತು. ನನ್ನ ದೃಷ್ಟಿಯಲ್ಲಿ ಅದು ವಿಚಾರಹೀನ ಗೊಣಗಾಟ. ಆ ಸ್ಲೈಡುಗಳನ್ನು ಓದಬೇಕಾದವರು ಓದಿದರು, ಅರ್ಥ ಮಾಡಿಕೊಂಡರು.

ಕಾಮಿಕ್ ಸಾನ್ಸ್‌ನಲ್ಲಿ ದೋಷವೇ ಇಲ್ಲವೆಂದಲ್ಲ. ಒರಟು ಪರದೆಗಾಗಿ ಹುಟ್ಟಿದ ಅಕ್ಷರ ಅದು. ಪರದೆಯ ಚುಕ್ಕೆಗಳು ಎದ್ದು ಕಾಣುತ್ತಿದ್ದ ಕಾಲದಲ್ಲಿ ಅದು ಚೆನ್ನಾಗಿಯೇ ಓದಿಸಿಕೊಳ್ಳುತ್ತಿತ್ತು. ದೊಡ್ಡದಾಗಿ ಅಚ್ಚು ಹಾಕಿದಾಗ ಗೆರೆಗಳೆಲ್ಲ ಒಂದೇ ದಪ್ಪ, ಅಕ್ಷರಗಳ ನಡುವಿನ ತೂಕ ಏರುಪೇರು. ಆದರೆ ಚಿಕ್ಕ ಮಕ್ಕಳಿಗೆ ಕಲಿಸುವ ಶಿಕ್ಷಕರು ಇದನ್ನು ಬಿಡದಿರುವುದಕ್ಕೂ ಕಾರಣವಿದೆ. ಇಂಗ್ಲಿಷಿನ ಸಣ್ಣ ‘ಎ’ ಅಕ್ಷರ ಮಗು ಬರೆಯಲು ಕಲಿಯುವ ಆಕಾರದಲ್ಲೇ ಇದರಲ್ಲಿದೆ. ಬಹುತೇಕ ಪುಸ್ತಕದ ಅಕ್ಷರಗಳಲ್ಲಿ ಅದು ಮೇಲೊಂದು ಕೊಕ್ಕೆ ಹೊತ್ತು ಬೇರೆಯಾಗಿ ಕಾಣುತ್ತದೆ. ಓದುವುದರಲ್ಲಿ ಕಷ್ಟಪಡುವ ಡಿಸ್‌ಲೆಕ್ಸಿಯಾ ಇರುವವರಿಗೆ ಬ್ರಿಟಿಷ್ ಡಿಸ್‌ಲೆಕ್ಸಿಯಾ ಅಸೋಸಿಯೇಷನ್ ಶಿಫಾರಸು ಮಾಡುವ ಫಾಂಟುಗಳಲ್ಲಿ ಏರಿಯಲ್ ಜೊತೆಗೆ ಕಾಮಿಕ್ ಸಾನ್ಸ್ ಕೂಡ ಇದೆ. ಸಮಾಧಿಕಲ್ಲಿನ ಮೇಲೆ ಅದು ಒಗ್ಗುವುದಿಲ್ಲ, ಒಪ್ಪುತ್ತೇನೆ. ಒಂದನೇ ತರಗತಿಯ ಗೋಡೆಯ ಮೇಲೆ ಅದನ್ನು ಹಂಗಿಸಲು ಯಾರಿಗೂ ಅಧಿಕಾರವಿಲ್ಲ.

ಪಪೈರಸ್‌ನ ಕತೆಯೂ ಇದೇ ಜಾಡಿನದು. ಕ್ರಿಸ್ ಕಾಸ್ಟೆಲೊ 1982ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಎರಡು ಸಾವಿರ ವರ್ಷದ ಹಿಂದೆ ಪಪೈರಸ್ ಹಾಳೆಯ ಮೇಲೆ ಇಂಗ್ಲಿಷ್ ಬರೆದಿದ್ದರೆ ಹೇಗಿರುತ್ತಿತ್ತೆಂದು ಯೋಚಿಸುತ್ತ ಕೈಯಲ್ಲಿ ಬರೆದ ಅಕ್ಷರ ಅದು. ಒಂದೊಂದೇ ನೋಡಿದರೆ ಚೆಂದವಿದೆ. ಕಂಪ್ಯೂಟರುಗಳ ಜೊತೆ ಉಚಿತವಾಗಿ ಹಂಚಿದ ಮೇಲೆ ಯೋಗ ಕೇಂದ್ರ, ಗಿಡಮೂಲಿಕೆ, ಸಾಬೂನು, ಹೀಗೆ ‘ಪುರಾತನ’ ಎನಿಸಬೇಕಾದದ್ದಕ್ಕೆಲ್ಲ ಅದೇ ಗತಿಯಾಯಿತು. 2009ರ ಅವತಾರ್ ಚಿತ್ರದಂಥ ಭಾರಿ ವೆಚ್ಚದ ಚಿತ್ರದ ಹೆಸರೂ ಅದರ ಹೋಲಿಕೆಯಲ್ಲೇ ಬಂದಾಗ ಜನ ಅಚ್ಚರಿಪಟ್ಟರು. 2017ರಲ್ಲಿ ಅಮೆರಿಕದ ಟಿವಿಯಲ್ಲಿ ಅದರ ಮೇಲೊಂದು ಹಾಸ್ಯಪ್ರಹಸನವೇ ಆಯಿತು. ಅಷ್ಟು ಹಣವಿದ್ದೂ ಪಟ್ಟಿಯಲ್ಲಿ ಸಿಕ್ಕಿದ್ದನ್ನು ಎತ್ತಿಕೊಂಡರಲ್ಲ ಎಂಬುದೇ ಅಲ್ಲಿನ ನಿಜವಾದ ದೂರು.

ಏರಿಯಲ್ ಮೇಲಿನ ಸಿಟ್ಟು ಬೇರೆ ಜಾತಿಯದು. ಸಾಮಾನ್ಯ ಓದುಗರಿಗೆ ಅದು ಗೊತ್ತೂ ಇಲ್ಲ. 1957ರಲ್ಲಿ ಸ್ವಿಟ್ಜರ್ಲೆಂಡಿನ ಹಾಸ್ ಕಂಪನಿಯಲ್ಲಿ ಮ್ಯಾಕ್ಸ್ ಮೀಡಿಂಗರ್ ಮತ್ತು ಎಡ್ವರ್ಡ್ ಹಾಫ್‌ಮನ್ ರೂಪಿಸಿದ ಹೆಲ್ವೆಟಿಕಾ ಆಧುನಿಕ ವಿನ್ಯಾಸದವರ ಕಣ್ಮಣಿ. 1982ರಲ್ಲಿ ಮೊನೊಟೈಪ್ ಕಂಪನಿಯ ರಾಬಿನ್ ನಿಕೋಲಸ್ ಮತ್ತು ಪೆಟ್ರಿಷಿಯಾ ಸಾಂಡರ್ಸ್ ಐಬಿಎಂ ಪ್ರಿಂಟರುಗಳಿಗಾಗಿ ಏರಿಯಲ್ ಮಾಡಿದರು. ಅದರ ಪ್ರತಿ ಅಕ್ಷರದ ಅಗಲ ಹೆಲ್ವೆಟಿಕಾದಷ್ಟೇ. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದರೆ ಸಾಲು ಮುರಿಯುವುದಿಲ್ಲ. ಹತ್ತಿರದಿಂದ ನೋಡಿದರೆ ವ್ಯತ್ಯಾಸ ಸಿಗುತ್ತದೆ: ಹೆಲ್ವೆಟಿಕಾದ ‘ಸಿ’, ‘ಇ’ಗಳ ಬಾಲ ಅಡ್ಡಕ್ಕೆ ನೇರವಾಗಿ ಕತ್ತರಿಸಿದಂತಿದ್ದರೆ ಏರಿಯಲ್‌ನಲ್ಲಿ ಓರೆಯಾಗಿ, ದೊಡ್ಡ ‘ಆರ್’ನ ಕಾಲು ಅದರಲ್ಲಿ ಬಾಗಿ ಇಳಿದರೆ ಇದರಲ್ಲಿ ಸೀದಾ ಓರೆಗೆರೆ. 1992ರಲ್ಲಿ ವಿಂಡೋಸ್ 3.1 ಜೊತೆ ಏರಿಯಲ್ ಬಂದ ಮೇಲೆ ಅಸಲಿಗಿಂತ ನಕಲೇ ಜಗತ್ತಿಗೆಲ್ಲ ಹರಡಿತು. ವಿನ್ಯಾಸಕಾರರ ನೋವು ನನಗೆ ಅರ್ಥವಾಗುತ್ತದೆ. ಆದರೆ ಪುಟ ಓದುವವರಿಗೆ ಇದರಿಂದ ಯಾವ ನಷ್ಟವೂ ಆಗಿಲ್ಲ.

ಈ ಮೂರರಲ್ಲೂ ಸಿಟ್ಟಿನ ಬೇರು ಒಂದೇ. ಅಕ್ಷರ ಕೆಟ್ಟದಾಗಿದ್ದುದರಿಂದ ಯಾರಿಗೂ ಇಷ್ಟು ಕೋಪ ಬರಲಿಲ್ಲ. ಯಾರೂ ಆರಿಸದೆ, ಕಂಪ್ಯೂಟರಿನಲ್ಲಿ ಮೊದಲೇ ಕೂತಿತ್ತೆಂಬ ಒಂದೇ ಕಾರಣಕ್ಕೆ ಅದು ಎಲ್ಲೆಡೆ ಕಾಣಿಸಿಕೊಂಡದ್ದರಿಂದ ಬಂತು. ಮದುವೆಗೂ ಸೂತಕಕ್ಕೂ ಒಂದೇ ಬಟ್ಟೆ ತೊಟ್ಟು ಬಂದವರನ್ನು ಕಂಡಾಗ ಆಗುವ ಕಸಿವಿಸಿ ಇದು. ಬಟ್ಟೆಯ ಹೊಲಿಗೆಗೆ ಸಂಬಂಧವಿಲ್ಲ.

ಸಿಟ್ಟಿಗೆ ರಾಜಕೀಯವೂ ಕಾರಣವಾಗುತ್ತದೆ. ಜರ್ಮನಿಯಲ್ಲಿ ನಾಲ್ಕು ಶತಮಾನ ಪುಸ್ತಕ, ಬೈಬಲ್ಲು, ಪತ್ರಿಕೆಗಳು ಬಹುಪಾಲು ಫ್ರಾಕ್ಟುರ್ ಎಂಬ ಕೋನಕೋನವಾದ ಅಕ್ಷರದಲ್ಲಿ ಅಚ್ಚಾಗುತ್ತಿದ್ದವು. ನಾಜಿಗಳು ಮೊದಲು ಅದನ್ನು ಅಪ್ಪಟ ಜರ್ಮನ್ ಅಕ್ಷರವೆಂದು ಮೆರೆಸಿದರು. ಆಮೇಲೆ 1941ರ ಜನವರಿ 3ರಂದು ಮಾರ್ಟಿನ್ ಬೋರ್ಮನ್ ಸುತ್ತೋಲೆ ಹೊರಡಿಸಿ, ಇದು ಯಹೂದಿಗಳ ಅಕ್ಷರ ಎಂಬ ಸುಳ್ಳು ಕಾರಣ ಕೊಟ್ಟು ಅದನ್ನು ಕೈಬಿಡಲು ಆದೇಶಿಸಿದ. ಆ ಸುತ್ತೋಲೆಯ ತಲೆಬರಹವೇ ಹಳೆಯ ಅಕ್ಷರದಲ್ಲಿತ್ತು. ಇಷ್ಟಾದರೂ ಇಂದು ಹೊರದೇಶದ ಬಹಳ ಜನ ಆ ಅಕ್ಷರ ಕಂಡರೆ ನಾಜಿಗಳನ್ನೇ ನೆನೆಯುತ್ತಾರೆ. ನಿಷೇಧಿಸಿದವರ ಹೆಸರೇ ನಿಷೇಧಕ್ಕೊಳಗಾದ ಅಕ್ಷರಕ್ಕೆ ಅಂಟಿಕೊಂಡಿತು.

ಇನ್ನೊಂದು ಬಗೆಯ ಅಕ್ಷರಗಳಿವೆ, ಅವುಗಳ ಮೇಲಿನ ಅಸಮಾಧಾನ ನನಗೆ ನ್ಯಾಯವೆನಿಸುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಕುಂಚದ ಗೀರು ಅಂಟಿಸಿ ‘ಚೀನಿ’ ಎನ್ನುವುದು, ದೇವನಾಗರಿಯ ಶಿರೋರೇಖೆಯನ್ನು ಹೊದಿಸಿ ‘ಭಾರತೀಯ’ ಎನ್ನುವುದು. ಅಮೆರಿಕದ ಒಂದು ಅಕ್ಷರ ಕಾರ್ಖಾನೆ ಇಂಥ ‘ಚೀನಿ’ ಅಕ್ಷರವನ್ನು 1883ರಷ್ಟು ಹಿಂದೆಯೇ ಮಾರಾಟಕ್ಕಿಟ್ಟಿತ್ತು. ಹೊರದೇಶದಲ್ಲಿರುವ ಕನ್ನಡಿಗರು ದೋಸೆ ಹುಡುಕಿಕೊಂಡು ಹೋದ ಹೋಟೆಲಿನ ಫಲಕದ ಮೇಲೆ ತಲೆಯ ಮೇಲೆ ಗೆರೆ ಹೊತ್ತ ಆ ಇಂಗ್ಲಿಷನ್ನು ಕಂಡೇ ಇರುತ್ತಾರೆ. ಕನ್ನಡ, ತಮಿಳು, ಮಲಯಾಳಂ ಲಿಪಿಗಳಲ್ಲಿ ಆ ಶಿರೋರೇಖೆಯೇ ಇಲ್ಲ. ಇಡೀ ದೇಶವನ್ನು ಒಂದು ಗೆರೆಗೆ ಇಳಿಸಿದ ಹಾಗಾಯಿತು.

ಹಾಗಾದರೆ ಅಕ್ಷರದ ಆಯ್ಕೆ ಓದಿನ ಮೇಲೆ ನಿಜವಾಗಿ ಏನು ಮಾಡುತ್ತದೆ? ಸಂಶೋಧನೆ ಹೇಳುವುದು ಮಾರಾಟಗಾರರು ಹೇಳುವುದಕ್ಕಿಂತ ಸಪ್ಪೆ, ಆದರೆ ಹೆಚ್ಚು ಉಪಯುಕ್ತ. 2008ರಲ್ಲಿ ಹ್ಯುಂಜಿನ್ ಸಾಂಗ್ ಮತ್ತು ನಾರ್ಬರ್ಟ್ ಶ್ವಾರ್ಜ್ ಒಂದು ವ್ಯಾಯಾಮದ ಸೂಚನೆಯನ್ನು ಎರಡು ಅಕ್ಷರಗಳಲ್ಲಿ ಕೊಟ್ಟು ನೋಡಿದರು. ಓದಲು ಸುಲಭವಾದ ಏರಿಯಲ್‌ನಲ್ಲಿ ಓದಿದವರಿಗಿಂತ, ಕುಂಚದಲ್ಲಿ ಬರೆದಂಥ ಅಕ್ಷರದಲ್ಲಿ ಓದಿದವರು ಆ ವ್ಯಾಯಾಮಕ್ಕೆ ಹೆಚ್ಚುಕಡಿಮೆ ಎರಡರಷ್ಟು ಸಮಯ ಬೇಕೆಂದು ಅಂದಾಜಿಸಿದರು. ಮಾಡುವ ಮನಸ್ಸೂ ಅವರಿಗೆ ಕಡಿಮೆಯಾಯಿತು. ಓದುವ ಕಷ್ಟವನ್ನು ಜನ ಕೆಲಸದ ಕಷ್ಟವೆಂದು ಎಣಿಸುತ್ತಾರೆ. ಅರ್ಜಿ ನಮೂನೆ, ಔಷಧದ ಚೀಟಿ, ವಿಮೆಯ ಕರಾರು ತಯಾರಿಸುವವರು ಈ ಒಂದು ಸಂಗತಿಯನ್ನು ಮೇಜಿನ ಮೇಲೆ ಬರೆದಿಟ್ಟುಕೊಳ್ಳಬೇಕು.

ಓದಲು ಕಷ್ಟವಾದರೆ ನೆನಪು ಗಟ್ಟಿಯಾಗುತ್ತದೆ ಎಂಬ ವಾದವೂ ಒಂದಷ್ಟು ಕಾಲ ನಡೆಯಿತು. ಮೆಲ್ಬೋರ್ನಿನ ಆರ್‌ಎಂಐಟಿ ವಿಶ್ವವಿದ್ಯಾಲಯ 2018ರಲ್ಲಿ ಅದೇ ನಂಬಿಕೆಯಿಂದ ಸಾನ್ಸ್ ಫರ್ಗೆಟಿಕಾ ಎಂಬ ಮುರುಕು ಗೆರೆಯ ಅಕ್ಷರ ಹೊರತಂದಿತು. ನಂತರದ ಪರೀಕ್ಷೆಗಳಲ್ಲಿ ನೆನಪಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಡಿಸ್‌ಲೆಕ್ಸಿಯಾಕ್ಕೆಂದೇ ಮಾಡಿದ ವಿಶೇಷ ಫಾಂಟುಗಳದ್ದೂ ಹೆಚ್ಚುಕಡಿಮೆ ಅದೇ ಗತಿ. ಅವುಗಳಿಂದ ಆದ ಲಾಭ ಅಕ್ಷರದ ಆಕಾರದಿಂದ ಬಂದದ್ದಲ್ಲ, ಅಕ್ಷರಗಳ ನಡುವೆ ಬಿಟ್ಟ ಜಾಗದಿಂದ ಎಂದು 2016ರ ಒಂದು ಅಧ್ಯಯನ ತೋರಿಸಿತು. ಅದಕ್ಕೂ ಮೊದಲು, 2012ರಲ್ಲಿ, ಇಟಲಿ ಮತ್ತು ಫ್ರಾನ್ಸಿನ ಡಿಸ್‌ಲೆಕ್ಸಿಯಾ ಇರುವ ಮಕ್ಕಳು ಅಕ್ಷರಗಳ ನಡುವೆ ಹೆಚ್ಚು ಜಾಗ ಬಿಟ್ಟಾಗ ವೇಗವಾಗಿ, ಕಡಿಮೆ ತಪ್ಪಿನಿಂದ ಓದಿದರೆಂಬುದು ದಾಖಲಾಗಿತ್ತು. ಅಕ್ಷರದ ಹೆಸರಿಗಿಂತ ಅಳತೆ, ಅಂತರ, ಸಾಲುಗಳ ನಡುವಿನ ತೆರಪು ಓದುಗರಿಗೆ ಹೆಚ್ಚು ನೆರವಾಗುತ್ತವೆ. ಬ್ರಿಟನ್ನಿನ ರಸ್ತೆ ಫಲಕಗಳನ್ನು ಜಾಕ್ ಕಿನೈರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ 1950ರ ದಶಕದ ಕೊನೆಯಿಂದ ಹೊಸದಾಗಿ ರೂಪಿಸಿದಾಗ ಹಿಡಿದದ್ದೂ ಈ ದಾರಿಯನ್ನೇ: ಓಡುವ ಕಾರಿನಿಂದ, ಕತ್ತಲಲ್ಲಿ, ದೂರದಿಂದ ಊರಿನ ಹೆಸರು ಗೊತ್ತಾಗುತ್ತದೆಯೇ? ಚೆಂದದ ಪ್ರಶ್ನೆ ಆಮೇಲಿನದು.

ಅಕ್ಷರ ಕಚೇರಿಗಳ ರಾಜಕೀಯಕ್ಕೂ ಸಿಕ್ಕಿಕೊಂಡಿದೆ. ಅಮೆರಿಕದ ವಿದೇಶಾಂಗ ಇಲಾಖೆ 2004ರಿಂದ ಟೈಮ್ಸ್ ನ್ಯೂ ರೋಮನ್ ಬಳಸುತ್ತಿತ್ತು. ದೃಷ್ಟಿ ಮಂದವಾದವರಿಗೆ ಅನುಕೂಲವೆಂದು 2023ರಲ್ಲಿ ಕ್ಯಾಲಿಬ್ರಿಗೆ ಬದಲಾಯಿತು. ಸರ್ಕಾರ ಬದಲಾದ ಮೇಲೆ 2025ರ ಡಿಸೆಂಬರಿನಲ್ಲಿ ಮತ್ತೆ ಹಳೆಯದಕ್ಕೆ ಮರಳಲು ಆದೇಶ ಬಂತು. ಇದೇ ಕ್ಯಾಲಿಬ್ರಿ 2017ರಲ್ಲಿ ಪಾಕಿಸ್ತಾನದಲ್ಲಿ ಸಾಕ್ಷಿಯಾಗಿತ್ತು: ಪ್ರಧಾನಿ ನವಾಜ್ ಷರೀಫ್ ಕುಟುಂಬ ಕೊಟ್ಟ ಪತ್ರದ ಮೇಲಿದ್ದ ತಾರೀಖು 2006ರ ಫೆಬ್ರವರಿ, ಆ ಅಕ್ಷರ ಮಾರುಕಟ್ಟೆಗೆ ಬಂದದ್ದು 2007ರಲ್ಲಿ ಎಂದು ತನಿಖಾ ತಂಡ ಬೊಟ್ಟು ಮಾಡಿತು.

ಈಗ ನಮ್ಮ ಅಕ್ಷರಕ್ಕೆ ಬರೋಣ.

ಕನ್ನಡ ಲಿಪಿ ದುಂಡು. ಒಂದಕ್ಷರಕ್ಕೂ ಇನ್ನೊಂದಕ್ಕೂ ನಡುವೆ ಕೆಲವೊಮ್ಮೆ ಒಂದು ಚುಕ್ಕೆ, ಒಂದು ಸೀಳುಗೆರೆಯ ವ್ಯತ್ಯಾಸ ಮಾತ್ರ. ‘ರ’ದೊಳಗೆ ಚುಕ್ಕೆಯಿಟ್ಟರೆ ‘ಠ’. ‘ಪ’ದ ಹೊಟ್ಟೆ ಸೀಳಿದರೆ ‘ಷ’. ‘ದ’ದ ಬುಡದಲ್ಲಿ ಚಿಕ್ಕ ಗೆರೆ ಎಳೆದರೆ ‘ಧ’. ‘ದನ’ ಎಂದು ಬರೆದದ್ದೋ ‘ಧನ’ ಎಂದೋ, ‘ಬಾರ’ವೋ ‘ಭಾರ’ವೋ, ‘ಬೇದಿ’ಯೋ ‘ಭೇದಿ’ಯೋ ಎಂಬುದು ಒಂದು ಮಿಲಿಮೀಟರಿಗಿಂತ ಚಿಕ್ಕ ಗೆರೆಯ ಮೇಲೆ ನಿಂತಿದೆ. ಫಾಂಟ್ ರೂಪಿಸಿದವರು ಆ ಸೀಳನ್ನು ಸಾಕಷ್ಟು ತೆರೆದಿಡದಿದ್ದರೆ ಸಣ್ಣ ಅಳತೆಯಲ್ಲಿ ಅದು ಮುಚ್ಚಿಹೋಗುತ್ತದೆ. ಇದರ ಮೇಲೆ ‘ಬೋಲ್ಡ್’ ಗುಂಡಿ ಒತ್ತಿದರೆ ಕೇಳುವುದೇ ಬೇಡ. ಆ ಫಾಂಟಿಗೆ ಬೇರೆ ದಪ್ಪ ಅಕ್ಷರ ಇಲ್ಲದಿದ್ದರೆ ತಂತ್ರಾಂಶ ಇದ್ದ ಗೆರೆಯನ್ನೇ ಊದಿಸುತ್ತದೆ. ‘ಧ’ದ ಸೀಳು, ‘ಷ’ದ ಹೊಟ್ಟೆ, ‘ಠ’ದ ಚುಕ್ಕೆ ಎಲ್ಲ ಶಾಯಿಯಲ್ಲಿ ಮುಳುಗುತ್ತವೆ. ‘ಇಟಾಲಿಕ್’ ಒತ್ತಿದರೆ ಅಕ್ಷರವನ್ನು ಹಿಡಿದು ಬಲಕ್ಕೆ ವಾಲಿಸುತ್ತದೆ. ಇಂಗ್ಲಿಷಿನ ಇಟಾಲಿಕ್ ಐದು ಶತಮಾನದ ಹಿಂದಿನ ಕೈಬರಹದಿಂದ ಬಂದ ಬೇರೆಯದೇ ಅಕ್ಷರ. ಕನ್ನಡಕ್ಕೆ ಆ ಪರಂಪರೆಯಿಲ್ಲ, ನಮಗದು ಬೇಕಾಗಿಯೂ ಇಲ್ಲ.

ಎರಡನೆಯ ಸಮಸ್ಯೆ ಎತ್ತರದ್ದು. ‘ರಾಷ್ಟ್ರ’, ‘ಸ್ತ್ರೀ’ ಎಂದು ಬರೆದು ನೋಡಿ. ಮೇಲೆ ತಲೆಕಟ್ಟು ಅಥವಾ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತಿನ ಜೊತೆ ಇನ್ನೊಂದು ಒತ್ತು. ಇಂಗ್ಲಿಷಿನ ಸಾಲಿಗೆ ಇಷ್ಟು ಆಳ ಬೇಡ. ಇಂಗ್ಲಿಷಿಗಾಗಿ ಮಾಡಿದ ಫಲಕದ ಪಟ್ಟಿಯೊಳಗೆ, ಮೊಬೈಲ್ ಆ್ಯಪಿನ ಗುಂಡಿಯೊಳಗೆ ಕನ್ನಡವನ್ನು ತುರುಕಿದಾಗ ಒತ್ತಕ್ಷರದ ಕಾಲು ಕತ್ತರಿಸುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅದನ್ನು ತಪ್ಪಿಸಲು ಅಕ್ಷರವನ್ನೇ ಕುಗ್ಗಿಸುತ್ತಾರೆ. ಎರ‍ಡು ಭಾಷೆಯ ಫಲಕದಲ್ಲಿ ಕನ್ನಡ ಯಾವಾಗಲೂ ಒಂದು ಕೈ ಚಿಕ್ಕದಾಗಿ ಕಾಣುವುದಕ್ಕೆ ಇದು ಒಂದು ಕಾರಣ. ಕಂಪ್ಯೂಟರಿನಲ್ಲಿ ಎರಡಕ್ಕೂ 12 ಪಾಯಿಂಟ್ ಎಂದೇ ಬರೆದಿದ್ದರೂ ಕಣ್ಣಿಗೆ ಕಾಣುವ ಅಳತೆ ಒಂದೇ ಇರುವುದಿಲ್ಲ.

ಇದಕ್ಕೆಲ್ಲ ಹಿಂದಿನ ಕತೆಯೂ ಇದೆ. ಕನ್ನಡದ ಅಚ್ಚು ಮೊದಲಿನಿಂದಲೂ ಯಂತ್ರಕ್ಕೆ ತಲೆಬಾಗುತ್ತಲೇ ಬಂದಿದೆ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಸೆರಾಂಪುರದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಶುರುವಾಯಿತು. 1843ರ ‘ಮಂಗಳೂರ ಸಮಾಚಾರ’ ಬಂದದ್ದು ಆ ಕಲ್ಲಚ್ಚಿನಲ್ಲೇ. ಕಲ್ಲಿನ ಮೇಲೆ ಕೈಯಲ್ಲಿ ಬರೆದದ್ದರಿಂದ ಅಕ್ಷರ ಹೇಗಿರಬೇಕೋ ಹಾಗಿತ್ತು. ಸೀಸದ ಮೊಳೆಗೆ ಬಂದಾಗ ಪ್ರತಿ ಗುಣಿತಕ್ಕೆ, ಪ್ರತಿ ಒತ್ತಿಗೆ ಬೇರೆ ಮೊಳೆ ಬೇಕಾಗಿ ಕನ್ನಡದ ಕಂಪೋಜಿಂಗ್ ಕೇಸು ಇಂಗ್ಲಿಷಿನದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಯಿತು. ಕಿಟೆಲ್‌ರ 1894ರ ನಿಘಂಟು ಅಂಥ ಮೊಳೆಗಳ ನಡುವೆ ನಿಂತು ದುಡಿದವರ ಕೆಲಸ. ಆಮೇಲೆ ಟೈಪ್‌ರೈಟರ್ ಬಂದಾಗ ಕೆಲವೇ ಕೀಲಿಗಳಿಗೆ ಲಿಪಿಯನ್ನು ಹಿಗ್ಗಾಮುಗ್ಗಾ ಬಗ್ಗಿಸಬೇಕಾಯಿತು.

ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಕಾಲದಲ್ಲೂ ಅದೇ ಆಯಿತು. ಒಂದು ಫಾಂಟಿನಲ್ಲಿ ಇನ್ನೂರು ಚಿಲ್ಲರೆ ಮನೆಗಳಷ್ಟೇ ಇದ್ದವು, ಅವೂ ಇಂಗ್ಲಿಷಿಗೆ ಮೀಸಲಾದವು. ಅದರೊಳಗೆ ಕನ್ನಡ ಹಿಡಿಸಲು ಅಕ್ಷರವನ್ನು ತುಂಡು ಮಾಡಿದರು: ತಲೆಕಟ್ಟು ಒಂದು ತುಂಡು, ಕೊಂಬು ಇನ್ನೊಂದು, ಒತ್ತು ಮತ್ತೊಂದು. ಕೆ.ಪಿ. ರಾವ್ ಅವರಂಥವರು ಕೀಲಿಮಣೆಯನ್ನೂ ತಂತ್ರಾಂಶವನ್ನೂ ಕನ್ನಡದ ಉಚ್ಚಾರದ ತರ್ಕಕ್ಕೆ ತಂದದ್ದು ದೊಡ್ಡ ಕೆಲಸ. ಶ್ರೀಲಿಪಿ, ಬರಹ, ನುಡಿ ತಂತ್ರಾಂಶಗಳು ಇಲ್ಲದಿದ್ದರೆ ಎರಡು ದಶಕ ಕನ್ನಡದ ಪುಸ್ತಕ, ಪತ್ರಿಕೆ, ಕಚೇರಿ ಕಾಗದ ಯಾವುದೂ ನಡೆಯುತ್ತಿರಲಿಲ್ಲ. ಆ ಋಣ ಮರೆಯುವಂಥದ್ದಲ್ಲ. ಆದರೆ ಹಳೆಯ ಪದ್ಧತಿಯ ಫಾಂಟಿನಲ್ಲಿ ಕಂಪ್ಯೂಟರಿನ ಲೆಕ್ಕಕ್ಕೆ ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕಿದರೆ ಸಿಗುವುದಿಲ್ಲ. ಅಂಧರು ಬಳಸುವ ಪರದೆ ಓದುವ ತಂತ್ರಾಂಶಕ್ಕೆ ಅದು ಕನ್ನಡವೇ ಅಲ್ಲ. ಯೂನಿಕೋಡ್ 1991ರಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದೆ. ವಿಂಡೋಸ್ ಎಕ್ಸ್‌ಪಿ ಆರ್.ಕೆ. ಜೋಶಿಯವರ ನಿರ್ದೇಶನದಲ್ಲಿ ಸಿದ್ಧವಾದ ತುಂಗಾ ಫಾಂಟನ್ನು ತಂದಿತು. ಆದರೂ ಹಳೆಯ ಫಾಂಟಿನಲ್ಲಿ ಟೈಪಾದ ಆದೇಶ, ಪಠ್ಯ, ಪ್ರಬಂಧಗಳು ಇಂದಿಗೂ ಸುತ್ತಾಡುತ್ತಿವೆ. ಕಾಮಿಕ್ ಸಾನ್ಸ್ ಯಾರನ್ನೂ ಓದಿನಿಂದ ಹೊರಗಿಟ್ಟಿಲ್ಲ. ಈ ಕಡತಗಳು ಇಟ್ಟಿವೆ. ಸಿಟ್ಟು ಬರಬೇಕಾದದ್ದು ಇಲ್ಲಿ.

ಮೂರನೆಯ ಸಮಸ್ಯೆ ಬೀದಿಯಲ್ಲೇ ಕಾಣುತ್ತದೆ. ಫ್ಲೆಕ್ಸ್ ಮಾಡುವ ತಂತ್ರಾಂಶದಲ್ಲಿ ಭಾರತೀಯ ಭಾಷೆಗಳ ಸೌಲಭ್ಯವನ್ನು ಚಾಲೂ ಮಾಡದೆ ಯೂನಿಕೋಡ್ ಕನ್ನಡವನ್ನು ತಂದು ಅಂಟಿಸಿದರೆ ಅಕ್ಷರ ಒಡೆಯುತ್ತದೆ: ‘ಕನ್ನಡ’ ಹೋಗಿ ‘ಕನ್‌ನಡ’, ‘ಉದ್ಘಾಟನೆ’ ಹೋಗಿ ‘ಉದ್‌ಘಾಟನೆ’. ಹತ್ತು ಅಡಿ ಅಗಲದ ಫಲಕದ ಮೇಲೆ, ರಾಜ್ಯೋತ್ಸವದ ಶುಭಾಶಯದಲ್ಲೇ ಇದು ಕಾಣಿಸಿಕೊಳ್ಳುತ್ತದೆ. ಫಾಂಟಿನ ತಪ್ಪಲ್ಲ ಇದು, ಒಂದು ಆಯ್ಕೆಯ ಗುಂಡಿ ಒತ್ತದಿರುವ ತಪ್ಪು. ಅಚ್ಚಿಗೆ ಹೋಗುವ ಮುನ್ನ ಕನ್ನಡ ಬಲ್ಲವರೊಬ್ಬರು ಓದದಿರುವ ತಪ್ಪು.

ಕನ್ನಡದಲ್ಲಿ ಆರಿಸಿಕೊಳ್ಳಲು ಫಾಂಟೇ ಇಲ್ಲ ಎಂಬ ಮಾತು ಇಪ್ಪತ್ತು ವರ್ಷದ ಹಿಂದೆ ನಿಜವಿತ್ತು, ಈಗಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಸ್ವಯಂಸೇವಕರ ದುಡಿಮೆಯಿಂದ ಬಂದವು. ಗೂಗಲ್‌ನ ನೋಟೋ ಸಾನ್ಸ್, ನೋಟೋ ಸೆರಿಫ್ ಕನ್ನಡಗಳಲ್ಲಿ ತೆಳುವಿನಿಂದ ಕಡುದಪ್ಪದವರೆಗೆ ನಿಜವಾಗಿ ಬರೆದ ತೂಕಗಳಿವೆ; ಬೋಲ್ಡ್ ಒತ್ತಿದರೆ ಸೀಳು ಮುಚ್ಚುವ ಭಯವಿಲ್ಲ. ಮುಂಬೈನ ಏಕ್ ಟೈಪ್ ತಂಡದ ‘ಬಲೂ ತಮ್ಮ’ ಮಕ್ಕಳ ಪುಸ್ತಕದ ಶೀರ್ಷಿಕೆಗೆ, ಜಾಹೀರಾತಿಗೆ ಹೊಂದುವ ದುಂಡು ಅಕ್ಷರ. ಅದೇ ತಂಡ 2022ರಲ್ಲಿ ತಂದ ಅನೇಕ್ ಕನ್ನಡದಲ್ಲಿ ಇಕ್ಕಟ್ಟಿನ ಜಾಗಕ್ಕೂ ಅಗಲವಾದ ಜಾಗಕ್ಕೂ ಬೇರೆಬೇರೆ ಅಗಲಗಳಿವೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯಾ ಕನಡಕದಲ್ಲಿ ಕೈಬರಹದ ಕುಣಿತವಿದೆ. ತಿರೊ ಕನ್ನಡ, ಮೂರ್ತಿ ಕ್ಲಾಸಿಕಲ್ ಲೈಬ್ರರಿಗಾಗಿ ಮಾಡಿದ ಅಕ್ಷರದಿಂದ ಬೆಳೆದದ್ದು. ರಾಘವಾಂಕನ ಕಾವ್ಯವನ್ನು ಕನ್ನಡ ಲಿಪಿಯಲ್ಲಿ, ಎದುರು ಪುಟದ ಇಂಗ್ಲಿಷಿನ ಜೊತೆ ಅಚ್ಚು ಹಾಕಿದ ಗ್ರಂಥಮಾಲೆ ಅದು. ಉದ್ದ ಗದ್ಯದ ಪುಸ್ತಕಕ್ಕೆ ನಾನು ಮೊದಲು ತಿರೊ ಕನ್ನಡವನ್ನೇ ಪರೀಕ್ಷಿಸಲು ಹೇಳುತ್ತೇನೆ: ದಪ್ಪ–ತೆಳುವಿನ ಏರಿಳಿತ ಹಳೆಯ ಒಳ್ಳೆಯ ಮೊಳೆಯಚ್ಚನ್ನು ನೆನಪಿಸುತ್ತದೆ, ಒತ್ತುಗಳು ಉಸಿರಾಡುವಷ್ಟು ಜಾಗದಲ್ಲಿ ಕೂತಿವೆ. ಇವೆಲ್ಲ ಉಚಿತ, ಎಲ್ಲ ಯೂನಿಕೋಡ್.

ಇಷ್ಟಿದ್ದೂ ಕಚೇರಿಯ ನೋಟಿಸು, ಮದುವೆಯ ಕರೆಯೋಲೆ, ಕವನ ಸಂಕಲನ ಮೂರಕ್ಕೂ ನಾವು ಬಳಸುತ್ತಿರುವುದು ಹೆಚ್ಚಾಗಿ ಡಿಟಿಪಿ ಅಂಗಡಿಯ ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ. ಪ್ರಕಾಶಕರು ಪುಸ್ತಕದ ಕೊನೆಯಲ್ಲಿ ಮುಖಪುಟ ಕಲಾವಿದರ ಹೆಸರು ಹಾಕುತ್ತಾರೆ, ಅಕ್ಷರದ ಹೆಸರು ಹಾಕುವುದಿಲ್ಲ. ಓದುಗರು ಇನ್ನೂರು ಪುಟ ನೋಡುತ್ತಿರುವುದು ಆ ಅಕ್ಷರವನ್ನು. ಪಠ್ಯಪುಸ್ತಕದ ಬಗ್ಗೆ ಗದ್ದಲವೆದ್ದಾಗ ಪಾಠ ಯಾವುದು, ಯಾರದು ಎಂದು ತಿಂಗಳುಗಟ್ಟಲೆ ಚರ್ಚೆಯಾಗುತ್ತದೆ. ಎರಡನೇ ತರಗತಿಯ ಮಗುವಿಗೆ ‘ಧ’ದ ಸೀಳು ಕಾಣುತ್ತಿದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ.

ಆದ್ದರಿಂದ ಆಯ್ಕೆ ಮಾಡುವ ಸ್ಥಾನದಲ್ಲಿರುವವರಲ್ಲಿ, ಅಂದರೆ ಸುತ್ತೋಲೆ ಹೊರಡಿಸುವ ಅಧಿಕಾರಿ, ಪುಸ್ತಕ ತರುವ ಪ್ರಕಾಶಕ, ಪ್ರಶ್ನೆಪತ್ರಿಕೆ ಸಿದ್ಧಪಡಿಸುವ ಶಿಕ್ಷಕ, ಸಂಘದ ಆಮಂತ್ರಣ ಮಾಡಿಸುವ ಕಾರ್ಯದರ್ಶಿಯಲ್ಲಿ ನನ್ನ ಕೋರಿಕೆ ಇಷ್ಟೇ. ಯೂನಿಕೋಡ್ ಫಾಂಟನ್ನೇ ಬಳಸಿ. ದಪ್ಪಕ್ಷರ ಬೇಕಿದ್ದರೆ ಅದಕ್ಕೆಂದೇ ಬರೆದ ತೂಕವಿರುವ ಫಾಂಟ್ ಹುಡುಕಿ, ಕನ್ನಡವನ್ನು ವಾಲಿಸಬೇಡಿ, ಸಾಲುಗಳ ನಡುವೆ ಇಂಗ್ಲಿಷಿಗಿಂತ ಹೆಚ್ಚು ಜಾಗ ಬಿಡಿ. ಅಚ್ಚಿಗೆ ಕಳಿಸುವ ಮುನ್ನ ನಿಜವಾದ ಅಳತೆಯಲ್ಲೇ ಒಂದು ಪ್ರತಿ ತೆಗೆದು ಅರವತ್ತು ದಾಟಿದವರೊಬ್ಬರಿಗೂ ಎರಡನೇ ತರಗತಿಯ ಮಗುವೊಂದಕ್ಕೂ ಕೊಟ್ಟು ಗಟ್ಟಿಯಾಗಿ ಓದಿಸಿ. ಅವರು ಎಡವಿದರೆ ಓದಲು ಬಾರದವರೆಂದು ತೀರ್ಮಾನಿಸಬೇಡಿ, ಫಾಂಟ್ ಬದಲಿಸಿ.